ಕೈಹೆಣಿಗೆಯ ಸ್ವೆಟರ್: ಅಳತೆಯ ಜ್ಞಾನದ ಚರಿತ್ರೆ

ಉಡುಪಿನ ಚರಿತ್ರೆಯನ್ನು ಕುರಿತ ಅಧ್ಯಯನಗಳಲ್ಲಿ ನೇಯ್ಗೆಗೆ ದೊರೆತ ಪ್ರಾಶಸ್ತ್ಯ ಹೆಣಿಗೆಗೆ ದೊರೆತಿಲ್ಲ. ಹೆಣಿಗೆಯನ್ನು ಚರ್ಚಿಸಿದವರೂ ಅದರ ಚಿತ್ತಾರಗಳ ಕಡೆಗೇ ಹೆಚ್ಚಿನ ಗಮನ ಹರಿಸಿದ್ದಾರೆ. ಸ್ವೆಟರು ತೊಟ್ಟವರ ಮೈಗೆ ಸರಿಯಾಗಿ ಒಪ್ಪುವಂತೆ ಮಾಡುವ ಲೆಕ್ಕಾಚಾರವನ್ನು ಒಂದು ಜ್ಞಾನವೆಂದು ಪರಿಗಣಿಸಿದ್ದು ವಿರಳ. ಇಂಗ್ಲೆಂಡಿನ ಕರಾವಳಿಯ ಮೀನುಗಾರರ ಸ್ವೆಟರನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಆ ಜ್ಞಾನದ ಸ್ವರೂಪವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಕಂಬಳಿ ನೇಯ್ಗೆಯಿಂದ ಆದದ್ದು. ಹಾಸುಹೊಕ್ಕಿನ ಎಳೆಗಳಿಂದ ಮೂಡುವ ಬಟ್ಟೆಯನ್ನು ಹಾಗೆಯೇ ಹೊದೆಯಬೇಕು, ಇಲ್ಲವೇ ಕತ್ತರಿಸಿ ಹೊಲಿಯಬೇಕು. ಹೆಣಿಗೆಯಲ್ಲಾದರೋ ಒಂದೇ ಎಳೆ ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಕುಣಿಕೆಗಳನ್ನು ಹೆಚ್ಚಿಸಿದಲ್ಲಿ ಬಟ್ಟೆ ಅಗಲವಾಗುತ್ತದೆ, ಕೂಡಿಸಿ ಹೆಣೆದಲ್ಲಿ ಕಿರಿದಾಗುತ್ತದೆ. ಬಟ್ಟೆಯೂ ಅದರ ಆಕಾರವೂ ಏಕಕಾಲಕ್ಕೆ ಹುಟ್ಟುವುದರಿಂದ, ದರ್ಜಿಯ ಕತ್ತರಿ ಮಾಡುವ ಕೆಲಸವನ್ನು ಇಲ್ಲಿ ಎಣಿಕೆಯೇ ಮಾಡಬೇಕಾಗುತ್ತದೆ. ಅಂಗುಲಕ್ಕೆ 5 ಕುಣಿಕೆ ಬರುವ ಹೆಣಿಗೆಯಲ್ಲಿ 200 ಕುಣಿಕೆಗಳ ಸುತ್ತು 40 ಅಂಗುಲವಾಗುತ್ತದೆ. ಕೈ ಸಡಿಲಗೊಂಡು ಅಂಗುಲಕ್ಕೆ ನಾಲ್ಕೂವರೆ ಕುಣಿಕೆ ಬಂದರೆ ಅಷ್ಟೇ ಕುಣಿಕೆಗಳ ಸುತ್ತು 44 ಅಂಗುಲವನ್ನು ಮೀರುತ್ತದೆ. ಆದುದರಿಂದ ಹೆಣೆಯುವವರ ಕೈಯ ಬಿಗುವೇ ಈ ಕಲೆಯ ಮೊದಲ ಅಳತೆಗೋಲು.

ಕರ್ನಾಟಕದ ಹಳ್ಳಿಗಳಲ್ಲಿ 'ಜರ್ಸಿ' ಎಂಬುದು ಹಸುವಿನ ತಳಿಯ ಹೆಸರಾಗಿ ಪರಿಚಿತವಾಗಿದೆ. ಇಂಗ್ಲಿಷ್ ಕಡಲ್ಗಾಲುವೆಯಲ್ಲಿರುವ ಆ ದ್ವೀಪವೇ ಹೆಣೆದ ಮೇಲಂಗಿಗೂ ತನ್ನ ಹೆಸರನ್ನು ಕೊಟ್ಟಿದೆ. ಅಲ್ಲಿ ಕಾಲುಚೀಲಗಳ ಹೆಣಿಗೆ ಎಷ್ಟು ವ್ಯಾಪಕವಾಗಿತ್ತೆಂದರೆ, ಸುಗ್ಗಿಯ ಕಾಲದಲ್ಲಿ ಜನರು ಹೆಣಿಗೆಯಲ್ಲಿ ತೊಡಗದಂತೆ 1608ರಲ್ಲಿ ಶಾಸನ ಮಾಡಬೇಕಾಯಿತು. ನೆರೆಯ ಗರ್ನ್ಸಿ ದ್ವೀಪದ ಹೆಸರು 'ಗಾನ್ಸಿ' ಎಂದು ಮಾರ್ಪಟ್ಟು, ಇಂಗ್ಲೆಂಡಿನ ಮೀನುಗಾರರ ಸ್ವೆಟರಿಗೆ ರೂಢಿಯಾಯಿತು. 19ನೆಯ ಶತಮಾನದ ಮಧ್ಯಭಾಗದಲ್ಲಿ ಲೂಯಿಸ್ ಹಾರ್ಡಿಂಗ್ ತೆಗೆದ ಪೊಲ್ಪೆರೊ ಗ್ರಾಮದ ಮೀನುಗಾರರ ಛಾಯಾಚಿತ್ರಗಳು ಈ ಉಡುಪಿಗೆ ಮಹತ್ವದ ದಾಖಲೆಗಳಾಗಿವೆ.

ಗಾನ್ಸಿಯ ರಚನೆ ಗಮನಾರ್ಹವಾದುದು. ಎರಡೂ ತುದಿ ಚೂಪಾದ ಹಲವು ಕಡ್ಡಿಗಳ ಮೇಲೆ ದುಂಡಗೆ ಹೆಣೆಯುವುದರಿಂದ ಪಕ್ಕೆಗಳಲ್ಲಿ ಹೊಲಿಗೆಯೇ ಇರುವುದಿಲ್ಲ. ತುಪ್ಪಳದಂತಹ ಮೃದುತ್ವಕ್ಕಿಂತ ಗಾಳಿಯನ್ನು ತಡೆಯುವ ಬಿಗುವು ಇಲ್ಲಿ ಮುಖ್ಯವಾಗಿ, ಉಡುಪು ಮೈಗಂಟಿಕೊಂಡಂತಿರುತ್ತದೆ. ಅಷ್ಟು ಬಿಗಿಯಾದ ಉಡುಪಿನಲ್ಲಿ ಹಗ್ಗ ಮತ್ತು ಬಲೆಗಳನ್ನು ಎಳೆಯಲು ತೋಳನ್ನು ಎತ್ತುವುದು ಹೇಗೆ? ಈ ಸಮಸ್ಯೆಗೆ ಕಂಕುಳಲ್ಲಿ ಹೆಣೆದ ವಜ್ರಾಕೃತಿಯ ಪಟ್ಟಿಯೇ ಪರಿಹಾರವಾಯಿತು. ಅದರ ಅರ್ಧ ಭಾಗ ಒಡಲಿನೊಡನೆಯೂ ಉಳಿದರ್ಧ ತೋಳಿನೊಡನೆಯೂ ಬೆಳೆಯುತ್ತದೆ. ತೋಳನ್ನು ಭುಜದಿಂದ ಮುಂಗೈಯ ಕಡೆಗೆ ಹೆಣೆಯುತ್ತಿದ್ದುದರಿಂದ, ಸವೆದ ಅಂಚನ್ನು ಬಿಚ್ಚಿ ಪುನಃ ಹೆಣೆಯುವುದು ಸುಲಭವಾಗಿತ್ತು. ಮುಂಭಾಗ ಮತ್ತು ಹಿಂಭಾಗ ಒಂದೇ ಬಗೆಯಾಗಿರುತ್ತಿದ್ದುದರಿಂದ ಉಡುಪನ್ನು ತಿರುಗಿಸಿ ತೊಡಬಹುದಾಗಿತ್ತು. ಇವುಗಳಲ್ಲಿ ಯಾವುದೂ ಅಲಂಕಾರವಲ್ಲ. ದುಡಿಯುವ ದೇಹವನ್ನು ಬಲ್ಲ ಸ್ತ್ರೀಯರು ಕಂಡುಕೊಂಡ ಉತ್ತರಗಳು.

ಆದರೆ ಜನಪ್ರಿಯ ಬರಹಗಳು ಬೇರೊಂದು ಕಥೆಯನ್ನು ಹಬ್ಬಿಸಿದವು. ಪ್ರತಿ ಕುಟುಂಬಕ್ಕೂ ಪ್ರತ್ಯೇಕ ಚಿತ್ತಾರವಿತ್ತು, ಕಡಲಲ್ಲಿ ಮುಳುಗಿದವನ ಗುರುತನ್ನು ಅದರಿಂದಲೇ ಹಿಡಿಯುತ್ತಿದ್ದರು ಎಂಬುದು ಆ ಕಥೆ. ಐರ್ಲೆಂಡಿನ ಅರಾನ್ ದ್ವೀಪಗಳ ಸ್ವೆಟರಿಗೂ ಇದನ್ನು ಅನ್ವಯಿಸಲಾಯಿತು. ಹೈನ್ಜ್ ಕೀವೆ 1967ರ ತನ್ನ ಗ್ರಂಥದಲ್ಲಿ ಈ ಹೆಣಿಗೆಗೆ ಪ್ರಾಚೀನ ಧಾರ್ಮಿಕ ಅರ್ಥಗಳನ್ನು ಆರೋಪಿಸಿದನು. ಕೈಹೆಣಿಗೆಯ ಚರಿತ್ರೆಯನ್ನು 1987ರಲ್ಲಿ ಪ್ರಕಟಿಸಿದ ರಿಚರ್ಡ್ ರಟ್ ಇಂತಹ ವಾದಗಳನ್ನು ನಿರಾಕರಿಸಿದ್ದಾರೆ. ಮುಳುಗಿದವನ ಕಥೆಗೆ ಮೂಲವೆಂದು ಸಾಮಾನ್ಯವಾಗಿ ಸೂಚಿಸಲಾಗುವ ಜೆ. ಎಂ. ಸಿಂಜ್‌ನ 1904ರ ನಾಟಕ 'ರೈಡರ್ಸ್ ಟು ದಿ ಸೀ'ಯಲ್ಲಿ ಇರುವುದು ಸ್ವೆಟರಲ್ಲ, ಕಾಲುಚೀಲ. ತಂಗಿಯು ಅಣ್ಣನನ್ನು ಗುರುತಿಸುವುದು ಚಿತ್ತಾರದಿಂದಲೂ ಅಲ್ಲ, ತಾನು ಹಾಕಿದ್ದ ಕುಣಿಕೆಗಳ ಎಣಿಕೆಯಿಂದ. ನಾಟಕಕಾರನು ಕಂಡ ಈ ಸೂಕ್ಷ್ಮವನ್ನು ಕಥೆ ಕಟ್ಟಿದವರು ಕಾಣಲಿಲ್ಲ.

ಮುದ್ರಣವು ಈ ಜ್ಞಾನದ ಮೇಲೆ ಬೀರಿದ ಪ್ರಭಾವವೂ ವಿಚಾರಾರ್ಹ. 1840ರಲ್ಲಿ ಎಡಿನ್‌ಬರೊದ ಜೇನ್ ಗೋಗನ್ ಪ್ರಕಟಿಸಿದಂತಹ ಪುಸ್ತಕಗಳು ಹೆಣಿಗೆಯ ಸೂಚನೆಗಳನ್ನು ಮನೆಮನೆಗೆ ತಲುಪಿಸಿದವು. ಆದರೆ ಮುದ್ರಿತ ಸಂಖ್ಯೆಗಳು ಸ್ಥಿರವಾದವು. ಓದುಗರ ಕೈಯ ಬಿಗುವಾಗಲಿ, ಉಡುವವರ ಎದೆಯ ಸುತ್ತಾಗಲಿ ಹಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ (1910–1999) 1971ರ 'ನಿಟ್ಟಿಂಗ್ ವಿದೌಟ್ ಟಿಯರ್ಸ್' ಎಂಬ ಗ್ರಂಥದಲ್ಲಿ ಇದಕ್ಕೆ ಪ್ರಮಾಣಸೂತ್ರವೊಂದನ್ನು ಒದಗಿಸಿದರು. ಒಡಲಿನ ಒಟ್ಟು ಕುಣಿಕೆಗಳನ್ನು 100 ಎಂದಿಟ್ಟುಕೊಂಡರೆ ಮುಂಗೈಗೆ ಸುಮಾರು 20, ಮೇಲ್ತೋಳಿಗೆ 33, ಕೊರಳಿಗೆ 40 ಬೇಕಾಗುತ್ತವೆ. ಮೇಲಿನ 200 ಕುಣಿಕೆಗಳ ಸ್ವೆಟರಿಗೆ ಇವು ಕ್ರಮವಾಗಿ 40, 66 ಮತ್ತು 80. ಆರಂಭದ ಸಂಖ್ಯೆ ಹೆಣೆಯುವವರ ಕೈಯಿಂದಲೂ ಉಡುವವರ ಮೈಯಿಂದಲೂ ಬರುವುದರಿಂದ ಸೂತ್ರ ಒಂದೇ ಆದರೂ ಫಲ ಪ್ರತಿಯೊಬ್ಬರಿಗೂ ಬೇರೆ.

ಒಟ್ಟಾರೆಯಾಗಿ, ಅಕ್ಷರದಲ್ಲಿ ದಾಖಲಾಗದ ಗಣಿತವೊಂದು ಶತಮಾನಗಳ ಕಾಲ ಸ್ತ್ರೀಯರ ಬೆರಳುಗಳಲ್ಲಿ ಉಳಿದುಬಂದಿತೆಂಬುದು ಸ್ಪಷ್ಟವಾಗುತ್ತದೆ. ಚಿತ್ತಾರಕ್ಕೆ ಅರ್ಥ ಹುಡುಕುವ ಸಂಶೋಧಕರು ಕಂಕುಳಿನ ಪಟ್ಟಿಯನ್ನೂ ಮುಂಗೈಯ ಅಂಚನ್ನೂ ದಾಖಲೆಗಳೆಂದೇ ಓದಿದಾಗ, ಆ ಜ್ಞಾನಕ್ಕೆ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಸಲ್ಲುತ್ತದೆ.