ಸರ್ಪಗಂಧಿಯ ಚರಿತ್ರೆ

ನಮ್ಮ ದೇಶದ ಮೂಲಿಕೆಗಳಲ್ಲಿ ಸರ್ಪಗಂಧಿಯಷ್ಟು ದೂರ ಸಂಚರಿಸಿ ಕೀರ್ತಿಯನ್ನೂ ಅಪಕೀರ್ತಿಯನ್ನೂ ಸಂಪಾದಿಸಿದವು ವಿರಳ. ಮೊಳದೆತ್ತರದ ಈ ಪೊದೆ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಹಿಮಾಲಯದ ತಪ್ಪಲಿನಲ್ಲಿಯೂ ಬೆಳೆಯುತ್ತದೆ; ಕನ್ನಡದಲ್ಲಿ ಇದಕ್ಕೆ ಸೂತ್ರನಾಭಿಯೆಂಬ ಹೆಸರೂ ಉಂಟು. ಪಾಶ್ಚಾತ್ಯರು ಇದಕ್ಕೆ ರೌವುಲ್ಫ್ ಎಂಬ ಜರ್ಮನ್ ವೈದ್ಯನ ಹೆಸರಿಟ್ಟರು. ಆ ಮಹನೀಯನು ಬಾಗ್ದಾದಿನವರೆಗೆ ಬಂದಿದ್ದನೇ ಹೊರತು ಹಿಂದೂಸ್ಥಾನವನ್ನು ಕಂಡವನಲ್ಲ!

ಹಾವು ಕಚ್ಚಿದವರಿಗೆ ಇದರ ಬೇರನ್ನು ಕೊಡುವ ರೂಢಿಯಿತ್ತು. ಆ ನಂಬಿಕೆಗೆ ಆಧಾರವಿಲ್ಲ; ಹಾವಿನ ವಿಷಕ್ಕೆ ಆಸ್ಪತ್ರೆಯ ಪ್ರತಿವಿಷವೇ ಗತಿ. ಆದರೆ ಬಿಹಾರದಲ್ಲಿ ಇದೇ ಬೇರು 'ಪಾಗಲ್ ಕೀ ದವಾ', ಅಂದರೆ ಹುಚ್ಚಿನ ಮದ್ದು, ಎಂದು ಮಾರಾಟವಾಗುತ್ತಿತ್ತು. ಈ ಜನವಾಣಿ ಹುಸಿಯಾಗಿರಲಿಲ್ಲ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇವರು, ಈ ಬೇರು ಉನ್ಮಾದವನ್ನಲ್ಲದೆ ಏರಿದ ರಕ್ತದೊತ್ತಡವನ್ನೂ ತಗ್ಗಿಸುವುದೆಂದು ಪ್ರಕಟಿಸಿದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಬೇರಿನಿಂದ ಒಂದು ಸತ್ತ್ವವನ್ನು ಬೇರ್ಪಡಿಸಿ, ಹಕೀಂ ಅಜ್ಮಲ್ ಖಾನರ ನೆನಪಿಗಾಗಿ ಅಜ್ಮಲೀನ್ ಎಂದು ಕರೆದರು. ಪಶ್ಚಿಮದ ವೈದ್ಯರು ಕಿವಿಗೊಟ್ಟದ್ದು ಮಾತ್ರ 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರ ಲೇಖನ ಆಂಗ್ಲ ಪತ್ರಿಕೆಯೊಂದರಲ್ಲಿ ಅಚ್ಚಾದ ಬಳಿಕ. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮುಖ್ಯ ಸತ್ತ್ವವಾದ ರೆಸರ್ಪಿನ್ ದೊರೆಯಿತು. 1954ರ ವೇಳೆಗೆ ನ್ಯೂಯಾರ್ಕಿನಲ್ಲಿ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಿಗೆ ಕೊಡುತ್ತಿದ್ದನು.

ಇಲ್ಲಿ ಗುಣದೋಷಗಳೆರಡೂ ಒಂದೇ ಮೂಲದಿಂದ ಹೊರಡುತ್ತವೆಂಬುದನ್ನು ನಾವು ಗಮನಿಸಬೇಕು. ನರಗಳ ತುದಿಯಲ್ಲಿ ಸಂಗ್ರಹವಾಗಿರುವ ನಾರ್‌ಅಡ್ರೆನಲಿನ್, ಸೆರೊಟೊನಿನ್, ಡೋಪಮಿನ್ ಎಂಬ ದ್ರವ್ಯಗಳ ಭಂಡಾರವನ್ನು ರೆಸರ್ಪಿನ್ ಬರಿದುಮಾಡುತ್ತದೆ. ಅದರಿಂದ ರಕ್ತನಾಳಗಳು ಸಡಿಲುತ್ತವೆ, ಉದ್ರೇಕ ಶಮಿಸುತ್ತದೆ. ಅದರಿಂದಲೇ ಮೂಗು ಕಟ್ಟುವುದು, ನಾಡಿ ನಿಧಾನವಾಗುವುದು, ಕೈ ನಡುಗುವುದು. ಕೆಲವರಿಗೆ ಘೋರ ಖಿನ್ನತೆ ಕವಿದ ಸಂಗತಿಯೂ ವರದಿಯಾಯಿತು; ಆ ಸಂಬಂಧವನ್ನು ಈಚಿನ ಕೆಲವು ವಿಮರ್ಶಕರು ಸಂಶಯಿಸುತ್ತಾರಾದರೂ, ಹಿಂದೆ ಖಿನ್ನತೆಗೆ ಒಳಗಾದವರಿಗೆ ಇದನ್ನು ಕೊಡದಿರುವ ಎಚ್ಚರಿಕೆ ಉಳಿದಿದೆ. 1974ರಲ್ಲಿ ಸ್ತನದ ಅರ್ಬುದರೋಗದ ಆರೋಪವೂ ಬಂದಿತು. ಮುಂದಿನ ಪರಿಶೋಧನೆಗಳು ಅದನ್ನು ದೃಢಪಡಿಸಲಿಲ್ಲ. ಹೊಸ ಮದ್ದುಗಳು ಬಂದಂತೆ ರೆಸರ್ಪಿನ್ ಹಿಂದೆ ಸರಿಯಿತು.

ಮಾತ್ರೆಯಲ್ಲಿ ಈ ಸತ್ತ್ವದ ಪ್ರಮಾಣ ಮಿಲಿಗ್ರಾಮಿನ ಕಾಲುಭಾಗದಷ್ಟಿದ್ದರೆ ಸಾಕು. ಬೇರಿನ ಪುಡಿಯಲ್ಲಿ ಅದೆಷ್ಟಿದೆಯೆಂದು ಚಿಟಿಕೆಯಿಂದ ಅಳೆಯುವವರಾರು? ಗಿಡ ಬೆಳೆದ ನೆಲ, ಕಿತ್ತ ಋತು ಇವುಗಳಿಂದ ಸತ್ತ್ವ ಹೆಚ್ಚುಕಡಮೆಯಾಗುತ್ತದೆ. ಹೃದಯಕ್ಕಾಗಿ ಡಿಜಾಕ್ಸಿನ್ ಸೇವಿಸುವವರು ಇದನ್ನೂ ಸೇರಿಸಿದರೆ ನಾಡಿ ತಪ್ಪುವ ಭಯವುಂಟು. ಸಸ್ಯಕ್ಕೂ ಇದೇ ಬೇರು ಮೃತ್ಯುವಾಯಿತು: ಬೇರಿಗಾಗಿ ಗಿಡವನ್ನೇ ಕೀಳಬೇಕಾದುದರಿಂದ ಕಾಡುಗಳು ಬರಿದಾಗತೊಡಗಿ, 1990ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ವಿಧಿಸಬೇಕಾಯಿತು.