ಗೆಳೆಯನ ಹೊಣೆ ಹೊತ್ತವರು



ಮೂವತ್ತಕ್ಕೂ ಹೆಚ್ಚು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ರಾಜರು, ಯುದ್ಧಗಳು, ಒಪ್ಪಂದಗಳು, ಇಸವಿಗಳು, ಇವನ್ನೇ ನಿಮ್ಮಿಂದ ಬಾಯಿಪಾಠ ಮಾಡಿಸಿದೆ. ಸ್ನೇಹಕ್ಕೆ ನಮ್ಮ ಪಠ್ಯಪುಸ್ತಕದಲ್ಲಿ ಅಧ್ಯಾಯವಿರಲಿಲ್ಲ. ಆದರೆ ನಮ್ಮ ತುಮಕೂರು ಸೀಮೆಯ ಚರಿತ್ರೆಯಲ್ಲಿ ಬಹು ದೊಡ್ಡ ತಿರುವೊಂದು ಇಬ್ಬರು ಯುವಕರ ಸ್ನೇಹದೊಂದಿಗೆ ಬೆಸೆದುಕೊಂಡಿದೆ. ಅಂದು ತರಗತಿಯಲ್ಲಿ ಹೇಳದೆ ಉಳಿದ ಆ ಪಾಠವನ್ನು ಇಂದು ಇಲ್ಲಿ ಹೇಳುತ್ತೇನೆ.

ಮೊದಲು ಈ ನೆಲದ ಹಿನ್ನೆಲೆಯನ್ನು ನೋಡೋಣ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಚದುರಿಹೋದರು. ಅವರ ಬಳಿ ಸೈನ್ಯವಿರಲಿಲ್ಲ, ಬೊಕ್ಕಸವಿರಲಿಲ್ಲ. ಇದ್ದದ್ದು ವಚನದ ಕಟ್ಟುಗಳು ಮತ್ತು ಪರಸ್ಪರರ ಸಂಗ. ಶರಣರ ಸಂಗವೆಂಬುದು ಕೇವಲ ಒಡನಾಟವಲ್ಲ, ಅದೇ ಒಂದು ಸಾಧನೆ ಎಂದು ಅವರು ನಂಬಿದ್ದರು. ಆ ಸಂಗದ ಬೇರು ನಮ್ಮ ಜಿಲ್ಲೆಯಲ್ಲಿ ಆಳವಾಗಿ ಇಳಿಯಿತು. ಗುಬ್ಬಿಯಲ್ಲಿ ಗೋಸಲ ಚನ್ನಬಸವೇಶ್ವರರ ಗದ್ದುಗೆಯಿದೆ. ಅವರ ಶಿಷ್ಯರಾದ ತೋಂಟದ ಸಿದ್ಧಲಿಂಗೇಶ್ವರರು ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, ಸಮೀಪದ ಎಡೆಯೂರಿನಲ್ಲಿ ನೆಲೆನಿಂತರು. 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ ಅವರ ಕೃತಿ. ಅದೇ ಪರಂಪರೆಗೆ ಸೇರಿದ ಗೂಳೂರು ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಯನ್ನು ನಾಲ್ಕನೆಯ ಬಾರಿಗೆ ಸಂಕಲಿಸಿದರು. ಆ ಗ್ರಂಥವಾದರೂ ಏನು? ಶರಣರು ಪರಸ್ಪರ ಪ್ರಶ್ನಿಸುತ್ತಾ, ಕೆಣಕುತ್ತಾ, ತಿದ್ದುತ್ತಾ ನಡೆಸಿದ ಸಂವಾದ. ನಮ್ಮ ಸೀಮೆಯ ಧರ್ಮಗ್ರಂಥವೇ ಒಂದು ಮಾತುಕತೆ ಎಂಬುದನ್ನು ನೆನಪಿಟ್ಟುಕೊಂಡು ಮುಂದೆ ಬನ್ನಿ.

ಈಗ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಗೆ ಬರೋಣ. ತುಮಕೂರಿನ ಪಕ್ಕದ ಸಿದ್ಧಗಂಗೆಯಲ್ಲಿ ಆಗ ಉದ್ದಾನ ಶಿವಯೋಗಿಗಳು ಮಠಾಧ್ಯಕ್ಷರು. 1917ರಲ್ಲಿ ಅವರು ಅಲ್ಲಿ ಸಂಸ್ಕೃತ ಪಾಠಶಾಲೆಯನ್ನು ಆರಂಭಿಸಿದ್ದರು. ಅವರ ಉತ್ತರಾಧಿಕಾರಿಯೆಂದು ಗೊತ್ತಾಗಿದ್ದವರು ಶ್ರೀ ಮರುಳಾರಾಧ್ಯರು. ಅದೇ ಕಾಲಕ್ಕೆ ಮಾಗಡಿ ತಾಲ್ಲೂಕಿನ ವೀರಾಪುರದಿಂದ ಬಂದ ಒಬ್ಬ ಹುಡುಗ ತುಮಕೂರಿನಲ್ಲಿ ಓದುತ್ತಿದ್ದ. ಹೆಸರು ಶಿವಣ್ಣ. ಹದಿಮೂರು ಮಕ್ಕಳಲ್ಲಿ ಕಿರಿಯವನು, ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡವನು. 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದ ಈ ಹುಡುಗ ಸ್ವಲ್ಪ ಕಾಲ ಮಠದಲ್ಲೇ ವಿದ್ಯಾರ್ಥಿಯಾಗಿದ್ದ. ಮರುಳಾರಾಧ್ಯರೂ ಶಿವಣ್ಣನೂ ಸ್ನೇಹಿತರಾದರು. ಒಬ್ಬರು ಪೀಠಕ್ಕೆ ನಿಯೋಜಿತರು, ಇನ್ನೊಬ್ಬರು ಕಾಲೇಜಿಗೆ ಹೊರಟವರು. ದಾರಿ ಬೇರೆ, ನಿಷ್ಠೆ ಒಂದೇ.

ಶಿವಣ್ಣ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದ. ಭೌತಶಾಸ್ತ್ರ, ಗಣಿತ ಅವನ ಐಚ್ಛಿಕ ವಿಷಯಗಳು. ವಾಸಕ್ಕೆ ಆಸರೆಯಾದದ್ದು ಗುಬ್ಬಿಯ ತೋಟದಪ್ಪನವರು 1903ರಲ್ಲಿ ರೈಲ್ವೆ ನಿಲ್ದಾಣದ ಎದುರು ಕಟ್ಟಿಸಿದ ಧರ್ಮಛತ್ರ. ಊರು ಬಿಟ್ಟು ಹೋದ ಹುಡುಗನಿಗೆ ನಮ್ಮ ಜಿಲ್ಲೆಯವರೇ ಒಬ್ಬರು ಅಲ್ಲಿ ನೆರಳು ಸಿದ್ಧಪಡಿಸಿ ಹೋಗಿದ್ದರು, ನೋಡಿ.

1930ರ ಜನವರಿಯಲ್ಲಿ ಮರುಳಾರಾಧ್ಯರು ಅಕಾಲದಲ್ಲಿ ಲಿಂಗೈಕ್ಯರಾದರು. ವಯೋವೃದ್ಧ ಗುರುಗಳಿಗೆ ಶಿಷ್ಯನನ್ನು ಮಣ್ಣು ಮಾಡುವ ದುಃಖ. ಶಿವಣ್ಣನಿಗೆ ಗೆಳೆಯನನ್ನು ಕಳೆದುಕೊಂಡ ದುಃಖ. ಅಂತ್ಯಕ್ರಿಯೆಗೆಂದು ಬೆಂಗಳೂರಿನಿಂದ ಬಂದಿದ್ದ ಆತನನ್ನು ಉದ್ದಾನ ಶಿವಯೋಗಿಗಳು ಅಲ್ಲಿ ಕಂಡರು, ತಮ್ಮ ಮುಂದಿನ ಉತ್ತರಾಧಿಕಾರಿಯಾಗಿ ಆಯ್ಕೆ ಮಾಡಿದರು. ಆಗ ಅವನಿಗೆ 22 ವರ್ಷ. ಪದವಿ ಇನ್ನೂ ಕೈಸೇರಿರಲಿಲ್ಲ. ಅದೇ ವರ್ಷ ಮಾರ್ಚ್ 3ರಂದು ವಿರಕ್ತಾಶ್ರಮದ ದೀಕ್ಷೆಯಾಯಿತು. ಶಿವಣ್ಣ ಶಿವಕುಮಾರ ಸ್ವಾಮಿಗಳಾದರು.

ಈ ಘಟನೆಯನ್ನು ನಾನು ಅನೇಕ ಬಾರಿ ಯೋಚಿಸಿದ್ದೇನೆ. ಗೆಳೆಯನಿಗೆ ಕೊನೆಯ ನಮಸ್ಕಾರ ಸಲ್ಲಿಸಲು ಬಂದವನು ಗೆಳೆಯನ ಹೊಣೆಯನ್ನೇ ಹೊತ್ತು ನಿಲ್ಲಬೇಕಾಯಿತು. ನಮ್ಮಲ್ಲಿ ಸತ್ತವರ ಮನೆಗೆ ಹೋದರೆ ನಾಲ್ಕು ಸಮಾಧಾನದ ಮಾತು ಹೇಳಿ ಬರುತ್ತೇವೆ. ಅಲ್ಲಿ ಸಮಾಧಾನದ ಬದಲು ಕೆಲಸ ಸಿಕ್ಕಿತು. ಆ ಕೆಲಸವೇ ಸಮಾಧಾನವಾಯಿತೋ ಏನೋ, ಅದು ಅವರ ಅಂತರಂಗದ ಮಾತು. ಆದರೆ ಮುಂದಿನ ಎಂಬತ್ತೊಂಬತ್ತು ವರ್ಷ ಆ ಕೆಲಸ ನಿಲ್ಲಲಿಲ್ಲ ಎಂಬುದಕ್ಕೆ ನಾವೆಲ್ಲ ಸಾಕ್ಷಿ.

ದಾರಿ ಸುಲಭವಾಗಿರಲಿಲ್ಲ. 1941ರ ಜನವರಿ 11ರಂದು, ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದ ಬಳಿಕ, ಮಠದ ಪೂರ್ಣ ಭಾರ ಅವರ ಹೆಗಲೇರಿತು. ಎರಡನೆಯ ಮಹಾಯುದ್ಧದ ಕಾಲ. ಧಾನ್ಯಕ್ಕೆ ಅಭಾವ, ಪಡಿತರದ ಕಟ್ಟುಪಾಡು. ಮಠದಲ್ಲಿ ಹಸಿದು ಕುಳಿತ ಮಕ್ಕಳು. ಸ್ವಾಮಿಗಳು ಹಳ್ಳಿಹಳ್ಳಿ ತಿರುಗಿ ಭಕ್ತರ ಮನೆಗಳಿಂದ ರಾಗಿ, ಭತ್ತ, ಕಾಳು ಸಂಗ್ರಹಿಸಿ ತಂದರು. ಒಲೆ ಆರಲಿಲ್ಲ. ಜಾತಿ ಮತ ಕೇಳದೆ ಅನ್ನ, ಅಕ್ಷರ, ಆಸರೆ ನೀಡುವ ಆ ಮನೆ ಬೆಳೆಯುತ್ತಾ ಹೋಗಿ, ಅಲ್ಲಿ ಉಳಿದು ಓದುವ ಮಕ್ಕಳ ಸಂಖ್ಯೆ ಸುಮಾರು 10 ಸಾವಿರ ಮುಟ್ಟಿತು. 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಬಂದವು. ಶಿವಕುಮಾರ ಸ್ವಾಮಿಗಳ ಹೆಸರನ್ನು ಬಲ್ಲದವರಿಲ್ಲ. ಮರುಳಾರಾಧ್ಯರ ಹೆಸರನ್ನು ಬಲ್ಲವರು ಎಷ್ಟು ಮಂದಿ?

2019ರ ಜನವರಿ 21ರಂದು ಸ್ವಾಮಿಗಳು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿಯನ್ನು ಪ್ರಕಟಿಸಲಾಯಿತು. ಅದು ಅವರದೇ ಇಚ್ಛೆಯಾಗಿತ್ತು. ಗುರುವಿನ ಸಾವಿಗೂ ಮಕ್ಕಳ ತಟ್ಟೆ ಕಾಯಬಾರದು.

ಮರುದಿನ ದರ್ಶನದ ಸಾಲಿನಲ್ಲಿ ನಾನೂ ನನ್ನ ಸಹೋದ್ಯೋಗಿ ಗಣಿತದ ಮೇಷ್ಟರೂ ಗಂಟೆಗಟ್ಟಲೆ ನಿಂತಿದ್ದೆವು. ಗುಬ್ಬಿ ತಾಲ್ಲೂಕಿನ ಒಂದೇ ಶಾಲೆಯಲ್ಲಿ ಹದಿನೆಂಟು ವರ್ಷ ಜೊತೆಗಿದ್ದವರು ನಾವು. ನಿಮ್ಮಲ್ಲಿ ಹಲವರಿಗೆ ಅವರ ಸೀಮೆಸುಣ್ಣದ ಏಟು ನೆನಪಿರಬಹುದು. ಪ್ರತಿವರ್ಷ ಎಡೆಯೂರು ಜಾತ್ರೆಗೆ ಒಟ್ಟಿಗೆ ಹೋಗುತ್ತಿದ್ದೆವು. ನನ್ನ ಹಿರಿಯ ಮಗನ ಕಾಯಿಲೆಯ ವರ್ಷದಲ್ಲಿ ಮೇಷ್ಟರು ದಿನವೂ ಸಂಜೆ ನಮ್ಮ ಮನೆಗೆ ಬಂದು ಅರ್ಧ ಗಂಟೆ ಸುಮ್ಮನೆ ಕೂರುತ್ತಿದ್ದರು. ಹೆಚ್ಚು ಮಾತಿಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡು, “ಮೇಷ್ಟ್ರೇ, ನಾಳೆ ಬರ್ತೀನಿ” ಎಂದು ಏಳುತ್ತಿದ್ದರು. ಆ “ನಾಳೆ” ಎಂಬ ಒಂದು ಪದ ನನ್ನನ್ನು ಆ ವರ್ಷ ದಾಟಿಸಿತು.

2021ರ ಮೇ ತಿಂಗಳಲ್ಲಿ ಕೊರೊನಾ ಅವರನ್ನು ಕೊಂಡೊಯ್ದಿತು. ನಾನು ಹೋಗಲಾಗಲಿಲ್ಲ. ನಾನೂ ಅದೇ ಕಾಯಿಲೆಯಿಂದ ಮನೆಯ ಒಂದು ಕೋಣೆಯಲ್ಲಿ ಮಲಗಿದ್ದೆ. ಹದಿನೆಂಟು ವರ್ಷದ ಗೆಳೆಯನಿಗೆ ಒಂದು ಹಿಡಿ ಮಣ್ಣು ಹಾಕಲಾಗಲಿಲ್ಲವಲ್ಲ ಎಂಬ ಕೊರಗು ತಿಂಗಳುಗಟ್ಟಲೆ ಕಾಡಿತು.

ನಿವೃತ್ತಿಯ ನಂತರ ಮೇಷ್ಟರು ತಮ್ಮ ಮನೆಯ ಜಗಲಿಯಲ್ಲಿ ಬಡ ಮಕ್ಕಳಿಗೆ ಶನಿವಾರ, ಭಾನುವಾರ ಉಚಿತವಾಗಿ ಲೆಕ್ಕ ಹೇಳಿಕೊಡುತ್ತಿದ್ದರು. ಶಾಲೆಗಳು ಮತ್ತೆ ತೆರೆದಾಗ ಅವರ ಶ್ರೀಮತಿಯವರು ಫೋನ್ ಮಾಡಿದರು. “ಅಣ್ಣಾ, ಮಕ್ಕಳು ಬಂದು ಬಾಗಿಲಲ್ಲಿ ನಿಂತಿದ್ದಾರೆ. ಏನು ಹೇಳಲಿ?” ಎಂದರು. ಆಗ ನನಗೆ 1930ರ ಜನವರಿ ನೆನಪಾಯಿತು. ಎಲ್ಲಿಯ ಆ ಮಹಾಪುರುಷರು, ಎಲ್ಲಿಯ ನಾನು! ಆದರೂ ನೆನಪಾಯಿತು. “ಕೂರಿಸಿರಮ್ಮ, ಬರ್ತೀನಿ” ಎಂದೆ.

ಇತಿಹಾಸದ ಮೇಷ್ಟರು ಬೀಜಗಣಿತ ಹೇಳಿಕೊಡುವುದೆಂದರೆ ನೀವು ನಗಬಹುದು. ನಗಿ. ಮೊದಲ ಆರು ತಿಂಗಳು ಹಿಂದಿನ ರಾತ್ರಿ ನಾನೇ ಲೆಕ್ಕ ಮಾಡಿ ಕಲಿತು ಹೋಗುತ್ತಿದ್ದೆ. ತಪ್ಪಿದಾಗ ಮಕ್ಕಳೇ ತಿದ್ದಿದರು. ಈಗ ವರ್ಗಸಮೀಕರಣದವರೆಗೆ ಧೈರ್ಯವಿದೆ. ಆ ಜಗಲಿಯಲ್ಲಿ ಕುಳಿತಾಗ ಕೊರಗು ಮಾಯವಾಗಿದೆಯೆಂದು ಹೇಳಲಾರೆ, ಆದರೆ ಅದಕ್ಕೆ ಕೂರಲು ಒಂದು ಜಾಗ ಸಿಕ್ಕಿದೆ.

ಒಂದೇ ನಂಬಿಕೆಯಲ್ಲಿ ಬೆಸೆದ ಸ್ನೇಹ ಕಷ್ಟಕಾಲದಲ್ಲಿ ಬಲ ಕೊಡುವುದು ಹೇಗೆ ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ. ಗೆಳೆಯ ಯಾವುದನ್ನು ನಂಬಿ ದುಡಿದನೋ ಅದು ನನ್ನದೂ ಹೌದಾದರೆ, ಅವನು ಹೋದ ಮೇಲೂ ನಮ್ಮಿಬ್ಬರ ನಡುವೆ ಮಾಡಬೇಕಾದ ಕೆಲಸ ಉಳಿದಿರುತ್ತದೆ. ನಿಮ್ಮ ಗೆಳೆಯರನ್ನು ಇಂದೇ ಒಮ್ಮೆ ಮಾತನಾಡಿಸಿ. ಸಿದ್ಧಗಂಗೆಗೆ ಹೋದಾಗ ಮರುಳಾರಾಧ್ಯರನ್ನೂ ಒಂದು ಕ್ಷಣ ನೆನೆಯಿರಿ.