ಪಾತರಗಿತ್ತಿಯ ಗಣತಿ

ಹದಿನೆಂಟನೆಯ ಶತಮಾನದ ಆದಿಭಾಗದ ಇಂಗ್ಲೆಂಡಿನಲ್ಲಿ ಪಾತರಗಿತ್ತಿಗಳ ಬೆನ್ನುಹತ್ತುವುದು ಎಂತಹ ಅಪಹಾಸ್ಯಕ್ಕೆ ಗುರಿಯಾಗಿದ್ದಿತೆಂದರೆ, 1709ರಲ್ಲಿ ಕಾಲವಾದ ಎಲಿನೋರ್ ಗ್ಲ್ಯಾನ್‌ವಿಲ್ ಎಂಬಾಕೆಯ ಮರಣಶಾಸನವನ್ನು ಅಸಿಂಧುವೆನಿಸಲು ಹೊರಟ ಬಂಧುಗಳು, ಬುದ್ಧಿ ಸ್ತಿಮಿತದಲ್ಲಿರುವ ಯಾರೂ ಹುಳುಗಳ ಹಿಂದೆ ಅಲೆಯಲಾರರೆಂಬುದನ್ನೇ ಆಕೆಯ ಚಿತ್ತಭ್ರಮಣೆಗೆ ಸಾಕ್ಷ್ಯವಾಗಿ ಮುಂದೊಡ್ಡಿದರೆಂದು ಪ್ರತೀತಿಯುಂಟು. ವಿಕ್ಟೋರಿಯಾ ರಾಣಿಯ ಕಾಲಕ್ಕೆ ಅದೇ ಹವ್ಯಾಸ ಸಭ್ಯತೆಯ ಲಕ್ಷಣವಾಗಿ, ಬಲೆ ಬೀಸಿ ಹಿಡಿದುದನ್ನು ವಿಷದ ಸೀಸೆಯಲ್ಲಿ ಕೊಂದು, ಗುಂಡುಸೂಜಿಗೆ ಚುಚ್ಚಿ, ಪೆಟ್ಟಿಗೆಗಳಲ್ಲಿ ಸಾಲುಗಟ್ಟಿಸುವುದೇ ಪ್ರಕೃತಿಪ್ರೇಮವೆನಿಸಿಕೊಂಡಿತು.

ಕೊಲ್ಲದೆ ಎಣಿಸುವ ಕಾರ್ಯಕ್ಕೆ ಶಾಸ್ತ್ರದ ಶಿಸ್ತನ್ನು ತಂದವರು ಅರ್ನಿ ಪೊಲ್ಲಾರ್ಡ್. ಮಾಂಕ್ಸ್ ವುಡ್ ಎಂಬ ಕಾಡಿನ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಲ್ಲಿ ಅವರು ರೂಪಿಸಿದ ಕ್ರಮ ನೋಡಲು ಬಹು ಸರಳ: ಗೊತ್ತುಮಾಡಿದ ಹಾದಿಯಲ್ಲಿ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ, ಒಂದೇ ಹದದ ನಡಿಗೆಯಲ್ಲಿ ಸಾಗುತ್ತ, ಎಡಬಲಗಳಲ್ಲಿ ಎರಡೂವರೆ ಮೀಟರು, ಮುಂದೆ ಐದು ಮೀಟರಿನೊಳಗೆ ಸುಳಿದವನ್ನು ಮಾತ್ರ ಬರೆದುಕೊಳ್ಳತಕ್ಕದ್ದು, ಆರನೆಯ ಮೀಟರಿನಲ್ಲಿ ಎಷ್ಟೇ ಅಪರೂಪದ್ದು ಹಾರಿದರೂ ಲೆಕ್ಕಕ್ಕಿಲ್ಲ. ಉಷ್ಣತೆ 13 ಡಿಗ್ರಿಗಿಂತ ಕೆಳಗಿಳಿದ ದಿನ ಎಣಿಕೆಯೇ ಇಲ್ಲ, ಏಕೆಂದರೆ ಚಳಿಗೆ ರೆಕ್ಕೆ ಬಿಚ್ಚದ ಜೀವಿಯನ್ನು ಇಲ್ಲವೆಂದು ಬರೆಯುವುದು ಸುಳ್ಳು ಸಾಕ್ಷಿಯಾದೀತು. ಎಲ್ಲವನ್ನೂ ಎಣಿಸುವ ಹಂಬಲ ತೊರೆದು ಪ್ರತಿವರ್ಷವೂ ಒಂದೇ ಬಗೆಯಲ್ಲಿ ಎಣಿಸಿದರೆ ಸಾಕೆಂದು ಕಂಡುಕೊಂಡುದೇ ಅವರ ಜಾಣ್ಮೆ. 1976ರಲ್ಲಿ ಇದು ರಾಷ್ಟ್ರೀಯ ಯೋಜನೆಯಾದ ಮೇಲೆ ಪ್ರಾಣಿಶಾಸ್ತ್ರವನ್ನೋದದ ಸಾಮಾನ್ಯರೂ ಕೈಜೋಡಿಸಲು ಸಾಧ್ಯವಾದುದು ಆ ಸರಳತೆಯಿಂದಲೇ.

ಆದರೆ ಏನನ್ನು ಎಣಿಸಬೇಕೆಂಬುದೂ ಸಣ್ಣ ಪ್ರಶ್ನೆಯಲ್ಲ. 'ಲಾರ್ಜ್ ಬ್ಲೂ' ಎಂಬ ನೀಲಿ ಪಾತರಗಿತ್ತಿಗೆ ಸಂಗ್ರಾಹಕರೇ ಶತ್ರುಗಳೆಂದು ಬಗೆದು ಹಿಂದೊಮ್ಮೆ ಅದರ ಒಂದು ನೆಲೆಗೆ ಬೇಲಿ ಹಾಕಿಸಿದರು. ಬೇಲಿ ದನಕುರಿಗಳನ್ನೂ ಹೊರಗಿಟ್ಟಿತು, ಹುಲ್ಲು ಬೆಳೆಯಿತು, ಅಲ್ಲಿ ಪಾತರಗಿತ್ತಿ ಅಳಿಯಿತು. 1970ರ ದಶಕದಲ್ಲಿ ಉಳಿದ ಕಡೆಯ ನೆಲೆಯಲ್ಲಿ ಪಾತರಗಿತ್ತಿಯ ಜೊತೆಗೆ ಅದರ ಮೊಟ್ಟೆ, ಮರಿಹುಳು, ಸುತ್ತಲಿನ ಇರುವೆಗಳನ್ನೂ ಬೆನ್ನುಬಿಡದೆ ಗಮನಿಸಿದ ಜೆರೆಮಿ ಥಾಮಸ್ ಗುಟ್ಟನ್ನು ಬಿಡಿಸಿದರು. ಕಾಡು ಥೈಮ್ ಹೂವನ್ನು ತಿಂದು ನೆಲಕ್ಕುದುರಿದ ಮರಿಹುಳುವನ್ನು ತನ್ನದೇ ಸಂತಾನವೆಂದು ಭ್ರಮಿಸಿ ಗೂಡಿಗೊಯ್ಯುವ ಒಂದು ಜಾತಿಯ ಕೆಂಪಿರುವೆ, ಬಿಸಿಲು ತಾಗುವ ಗಿಡ್ಡ ಹುಲ್ಲಿನ ನೆಲದಲ್ಲಷ್ಟೇ ಸಮೃದ್ಧವಾಗಿರುತ್ತದೆ. 1950ರ ದಶಕದ ಸಾಂಕ್ರಾಮಿಕದಲ್ಲಿ ಮೊಲಗಳು ಸತ್ತು ಹುಲ್ಲು ಎತ್ತರವಾದಂತೆಲ್ಲ ನೆಲ ತಣಿದು ಆ ಇರುವೆ ಕಾಣೆಯಾಗಿದ್ದಿತು. ಕಾರಣ ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು. 1979ರಲ್ಲಿ ಆ ಪಾತರಗಿತ್ತಿ ಬ್ರಿಟನ್ನಿನಿಂದ ಅಳಿದೇಹೋಯಿತು. ಸ್ವೀಡನ್ನಿನಿಂದ ತಂದ ಸಂತತಿಯನ್ನು 1983ರಿಂದೀಚೆಗೆ ಮತ್ತೆ ನೆಲೆಗೊಳಿಸಿರುವ ಗುಡ್ಡಗಳಲ್ಲಿ ಹುಲ್ಲು ಗಿಡ್ಡವಾಗಿರಲೆಂದು ಈಗ ದನಗಳನ್ನು ಮೇಯಬಿಡುತ್ತಾರೆ, ಹಾರುವ ನೀಲಿಗಳನ್ನು ಪ್ರತಿ ಬೇಸಗೆಯಲ್ಲಿಯೂ ಎಣಿಸುತ್ತಾರೆ.